ಮೂರನೆಯ ಕಟಿಂಗ್

ಅರವತ್ತು ಹತ್ತಿರ ಬರುವವರೆಗೂ ಕಾಜಾ ಅಕ್ಕನಿಗೆ ಗೊತ್ತಿದ್ದದ್ದು ಎರಡೇ ಕಟಿಂಗ್. ಒಂದು, ತಾನು ಬಟ್ಟೆಗೆ ಮಾಡುವುದು. ಇನ್ನೊಂದು, ಅವಳ ಅಣ್ಣ ಜನರ ತಲೆಗೆ ಮಾಡುವುದು. ಮೂರನೆಯದೂ ಒಂದಿದೆ ಎಂದು ಅವಳಿಗೆ ತಿಳಿದದ್ದು ಏಣಿಯ ಮೇಲೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನಿಂತಿದ್ದಾಗ.

ಅಂಗಿಯ ಗುಂಡಿ ತೂರಿಸುವ ಕಿಂಡಿಗೆ ದರ್ಜಿಗಳು ಕಾಜಾ ಅನ್ನುತ್ತಾರೆ. ಬೀದಿಯ ದೊಡ್ಡ ಅಂಗಡಿಗಳವರು ಅಂಗಿಯನ್ನು ತಾವೇ ಹೊಲಿದರೂ ಕಾಜಾ ಕೆಲಸಕ್ಕೆ ಮಾತ್ರ ಅವಳ ಹತ್ತಿರ ಕಳಿಸುತ್ತಿದ್ದರು. ಕಿಂಡಿಯ ಸುತ್ತ ದಾರ ಬಿಗಿಯುವುದರಲ್ಲಿ ಅವಳ ಕೈ ಅಷ್ಟು ಹದ. ಹಾಗಾಗಿ ಎಲ್ಲರ ಬಾಯಲ್ಲೂ ಕಾಜಾ ಅಕ್ಕ. ಅಣ್ಣನ ಬಾಯಲ್ಲಿ ಮಾತ್ರ ಇನ್ನೂ ಪುಟ್ಟಿ.

ಗ್ರಂಥಾಲಯದವರು ಮಹಡಿಯ ಕೋಣೆಗೆ ಕಪ್ಪು ಪರದೆ ಬೇಕು ಎಂದಿದ್ದರು. ಹೊಲಿದು ತಂದು ತಾನೇ ಏಣಿ ಹತ್ತಿ ತೂಗುಹಾಕುತ್ತಿದ್ದಳು. ಕೆಳಗೆ ಹತ್ತಿಪ್ಪತ್ತು ಜನ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೈಯಲ್ಲಿರುವ ಫೋನಿನಲ್ಲೇ ವಿಡಿಯೋ ತೆಗೆದು ಕಥೆ ಹೇಳುವುದು ಹೇಗೆ ಎಂಬ ತರಗತಿ ಅದು. ಯಾರು ಬೇಕಾದರೂ ಬಂದು ಕೂರಬಹುದಿತ್ತು. ಕಲಿಸುವವರು ಒಬ್ಬ ಮೇಡಂ. ಚಿಕ್ಕ ವಯಸ್ಸು, ಜೋರು ದನಿ, ಮಾತಾಡುವಾಗ ಎರಡು ಕೈಯೂ ಗಾಳಿಯಲ್ಲೇ.

"ಚಿತ್ರ ತೆಗೆಯೋದು ಅರ್ಧ ಕೆಲಸ ಅಷ್ಟೇ. ಉಳಿದ ಅರ್ಧ ಕಟಿಂಗ್. ಕಥೆ ನಿಜವಾಗಿ ಹುಟ್ಟೋದೇ ಕಟಿಂಗಲ್ಲಿ," ಎಂದರು ಮೇಡಂ.

ಕಟಿಂಗ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಕ್ಕನ ಬಾಯಿ ಸುಮ್ಮನಿರಲಿಲ್ಲ. ಸೂಜಿಯನ್ನು ತುಟಿಯಿಂದ ತೆಗೆದು, "ಅಂಚಿಗೆ ಎಷ್ಟು ಬಿಡ್ತೀರಿ?" ಎಂದು ಏಣಿಯ ಮೇಲಿಂದಲೇ ಕೇಳಿಬಿಟ್ಟಳು.

ಕೋಣೆಯೆಲ್ಲ ಗೊಳ್ಳೆಂದಿತು. ಮೇಡಂ ಕೂಡ ನಕ್ಕರು, ಆದರೆ ಉತ್ತರ ಕೊಟ್ಟರು. "ಎರಡೂ ತುದಿಗೆ ಒಂದೊಂದು ಉಸಿರಿನಷ್ಟು ಬಿಡ್ಬೇಕು ಅಕ್ಕ. ಎದುರಿಗಿರೋರು ಮಾತು ಶುರು ಮಾಡೋಕೆ ಮುಂಚೆನೇ ನಾವು ತೆಗೆಯೋಕೆ ಶುರು ಮಾಡಿರ್ಬೇಕು. ಅವರು ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಬಿಡ್ಬೇಕು. ಇಲ್ಲಾಂದ್ರೆ ಒಂದಕ್ಕೊಂದು ಜೋಡಿಸೋಕೆ ಜಾಗಾನೇ ಇರಲ್ಲ."

"ಓ, ಹೊಲಿಗೆ ಒಳಗೆ ಹೋಗೋ ಬಟ್ಟೆ!"

"ಅದೇ, ಅದೇ! ಇಳಿದು ಬನ್ನಿ, ಇಲ್ಲಿ ಕುರ್ಚಿ ಖಾಲಿ ಇದೆ."

"ಪರದೆ?"

"ಪರದೆ ಆಮೇಲೆ."

ಹೀಗೆ ಅರ್ಧ ಪರದೆ ಮೇಲೆ, ಅರ್ಧ ಪರದೆ ನೆಲದ ಮೇಲೆ ಬಿಟ್ಟು ಅಕ್ಕ ಆ ತರಗತಿಗೆ ಸೇರಿಕೊಂಡಳು. ಮಗಳು ಹೊಸದು ಕೊಂಡಾಗ ಇವಳಿಗೆ ದಾಟಿಸಿದ್ದ ಫೋನೊಂದಿತ್ತು. ಅಲ್ಲಿಯವರೆಗೆ ಅದರಲ್ಲಿ ಬರೀ ಮಾತಾಡಿದ್ದಳು. ಈಗ ಅದು ಕಣ್ಣಾಯಿತು.

ಮೇಡಂ ಮೊದಲು ವಿಡಿಯೋ ಮುಟ್ಟಲೇ ಬಿಡಲಿಲ್ಲ. "ನಿಂತಿರೋ ಚಿತ್ರ ಸರಿಯಾಗಿ ಬರ್ಲಿ, ಆಮೇಲೆ ಓಡೋ ಚಿತ್ರ" ಎಂದು ಬರೀ ಫೋಟೋ ತೆಗೆಸಿದರು. ಒಂದೇ ವಸ್ತುವನ್ನು ದೂರದಿಂದ, ಮಧ್ಯದಿಂದ, ಹತ್ತಿರದಿಂದ ತೆಗೆಯಬೇಕು. ದೂರದ್ದು ಎಲ್ಲಿ ಎಂದು ಹೇಳುತ್ತದೆ, ಮಧ್ಯದ್ದು ಯಾರು ಎಂದು, ಹತ್ತಿರದ್ದು ಏನಾಗುತ್ತಿದೆ ಎಂದು. ಅಕ್ಕನಿಗೆ ಇದು ಎಷ್ಟು ಹಿಡಿಸಿತೆಂದರೆ, ದಾರಿಯಲ್ಲಿ ನಡೆಯುವಾಗಲೂ ಒಂದು ಕಣ್ಣು ಮುಚ್ಚಿ, ಎರಡು ಕೈಬೆರಳಿನ ಚೌಕಟ್ಟು ಕಟ್ಟಿ, ಗೋಡೆ ನೋಡುವಳು, ನಲ್ಲಿ ನೋಡುವಳು, ನಲ್ಲಿಯ ತುದಿಯ ಹನಿ ನೋಡುವಳು. ಹನಿ ಬೀಳುವವರೆಗೆ ನಿಂತು, ಹಿಂದಿನ ಸೈಕಲ್ಲಿನವನಿಂದ ಬೈಸಿಕೊಂಡಳು.

ಅಕ್ಕ ಇದ್ದದ್ದು ಅಣ್ಣನ ಮನೆಯಲ್ಲೇ, ಅಣ್ಣನ ಹೆಂಡತಿ ಸುಮ್ಮನಿರುವ ಪೈಕಿಯಲ್ಲ. ಸೊಪ್ಪು ಬಿಡಿಸುತ್ತಿದ್ದಾಗ ನಾದಿನಿ ಫೋನು ಹಿಡಿದು ಮೇಲೆ ಕೆಳಗೆ ಬಗ್ಗುವುದನ್ನು ಕಂಡು, "ಏನೇ, ಸೊಪ್ಪಲ್ಲಿ ಹುಳ ಹುಡುಕ್ತಿದೀಯ?" ಎಂದಳು.

"ಅತ್ತಿಗೆ, ಅಲುಗಾಡಬೇಡ. ಕಿಟಕಿ ನಿನ್ನ ಬೆನ್ನಿಗಿದೆ, ಮುಖ ಇದ್ದಿಲು ಆಗಿ ಬರ್ತಿದೆ. ಸ್ವಲ್ಪ ಈ ಕಡೆ ತಿರುಗು."

"ಮದುವೆಯಾದಾಗಿಂದ ನಿಮ್ಮಣ್ಣನೇ ನನ್ನ ಯಾವ ಕಡೆನೂ ತಿರುಗಿ ನೋಡಿಲ್ಲ. ಈಗ ನೀನು ತಿರುಗಿಸ್ತಿದೀಯ!" ಎನ್ನುತ್ತಲೇ ಅತ್ತಿಗೆ ತಿರುಗಿ, ಸೆರಗಿನಿಂದ ಮುಖ ಒರೆಸಿಕೊಂಡು, ತಲೆ ನೇವರಿಸಿಕೊಂಡು ಕೂತಳು. ಕಿಟಕಿಯ ಬೆಳಕು ಕೆನ್ನೆಯ ಮೇಲೆ ಬಿತ್ತು. ಆ ಫೋಟೋವನ್ನು ಅತ್ತಿಗೆ ಬೆರಳಿಂದ ದೊಡ್ಡದು ಮಾಡಿ ನೋಡಿದಳು. ಆಮೇಲೆ, "ಇದನ್ನ ಅಳಿಸ್ಬೇಡ" ಎಂದಳು.

ಮೇಡಂ ಒಂದು ಪ್ರಶ್ನೆಯನ್ನು ಪ್ರತಿ ಸಲ ಕೇಳುತ್ತಿದ್ದರು. ಯಾರು ಯಾವ ಚಿತ್ರ ತಂದು ತೋರಿಸಿದರೂ, ಚೆನ್ನಾಗಿದೆ ಎಂದು ಹೊಗಳಿ, ಕೊನೆಗೆ, "ಇವರಿಗೆ ಏನು ಬೇಕು?" ಎನ್ನುತ್ತಿದ್ದರು. ಚಿತ್ರದಲ್ಲಿರುವ ಮನುಷ್ಯನಿಗೆ ಏನೋ ಒಂದು ಬೇಕಾಗಿರಬೇಕು, ಅದು ಸಿಗುತ್ತದೋ ಇಲ್ಲವೋ ಎಂದು ನೋಡುವವರು ಕಾಯಬೇಕು. ಅಷ್ಟಿದ್ದರೆ ಕಥೆ, ಇಲ್ಲದಿದ್ದರೆ ಬರೀ ಬಿಂಬ. ತರಗತಿ ಮುಗಿಯುವಾಗ ಒಬ್ಬೊಬ್ಬರೂ ಒಂದೊಂದು ಚಿಕ್ಕ ಚಿತ್ರ ಮಾಡಿ, ಅದೇ ಕೋಣೆಯ ಗೋಡೆಯ ಮೇಲೆ ಬೀದಿಯವರಿಗೆಲ್ಲ ತೋರಿಸಬೇಕೆಂದು ತೀರ್ಮಾನವಾಗಿತ್ತು.

ಯಾರ ಚಿತ್ರ ಮಾಡಲಿ ಎಂದು ಅಕ್ಕ ತಲೆ ಕೆಡಿಸಿಕೊಂಡಿದ್ದಾಗಲೇ ಅಣ್ಣ ಊಟದ ನಡುವೆ, ಉಪ್ಪು ಕೇಳಿದಷ್ಟು ಸಲೀಸಾಗಿ ಹೇಳಿದ: "ಅಂಗಡಿ ಮುಚ್ತಿದೀನಿ. ಮೊಣಕಾಲು ಆಗಲ್ಲ ಅಂತಿದೆ. ಕುರ್ಚಿ ಹೊಳೆಯಾಚೆಯ ಅಂಗಡಿಯವರು ತಗೊಂಡು ಹೋಗ್ತಾರೆ, ಭಾನುವಾರ."

ಅಕ್ಕ ತುತ್ತನ್ನು ತಟ್ಟೆಗೇ ಇಟ್ಟಳು. ಅಪ್ಪ ಅಮ್ಮ ಹೋದಾಗ ಅವಳಿನ್ನೂ ಲಂಗದ ಹುಡುಗಿ. ಅಣ್ಣನಿಗೆ ಮೀಸೆ ಚಿಗುರುವ ವಯಸ್ಸು. ಆ ಕಬ್ಬಿಣದ ಕುರ್ಚಿಯ ಹಿಂದೆ ನಿಂತೇ ಅವನು ತಂಗಿಯನ್ನು ಬೆಳೆಸಿದ, ಹೊಲಿಗೆ ಕಲಿಯಲು ಕಳಿಸಿದ, ಮದುವೆ ಮಾಡಿದ. ಊಟವಾದ ಮೇಲೆ ಅವಳು ಮನೆಯಲ್ಲಿದ್ದ ಫೋಟೋಗಳನ್ನೆಲ್ಲ ತೆಗೆದು ಹರಡಿದಳು. ಎಲ್ಲರೂ ಇದ್ದರು, ಅಣ್ಣ ಇರಲಿಲ್ಲ. ಒಂದರಲ್ಲಿ ಅವನ ಮೊಣಕೈ, ಇನ್ನೊಂದರಲ್ಲಿ ಅರ್ಧ ಬೆನ್ನು. ಎಲ್ಲರೂ ಫೋಟೋಗೆ ನಿಂತಾಗ ಅವನು ಅಂಗಡಿಯಲ್ಲಿ ಯಾರದೋ ತಲೆ ಹಿಡಿದುಕೊಂಡು ನಿಂತಿರುತ್ತಿದ್ದ. ಅಂಗಡಿಯೊಳಗಿನ ಫೋಟೋವಂತೂ ಒಂದೂ ಇಲ್ಲ.

"ಅಣ್ಣ, ನಿನ್ನ ಕೆಲಸದ್ದೊಂದು ಚಿತ್ರ ತೆಗೀತೀನಿ."

"ಹೋಗೇ ಪುಟ್ಟಿ. ನಾನೇನು ಹೀರೋನಾ?"

"ಹೀರೋಗಳಿಗೆ ಮೀಸೆ ತಿದ್ದಿದೋನು ನೀನೇ ತಾನೆ?"

"ಯಾವ ಹೀರೋ? ಸುಳ್ಳು ಹೇಳ್ಬೇಡ."

"ನಾಟಕದವರು ಬಂದಿರ್ಲಿಲ್ವಾ ಆವಾಗ!"

ಅಣ್ಣ ನಕ್ಕುಬಿಟ್ಟ. ನಕ್ಕ ಮೇಲೆ ಬೇಡ ಅನ್ನುವುದು ಅವನಿಗೆ ಕಷ್ಟ. ಕೊನೆಗೆ ಕರಾರು ಹಾಕಿದ: ಕೊನೆಯ ದಿನ, ಕೊನೆಯ ಗಿರಾಕಿ, ಒಂದೇ ತಲೆ. "ಇನ್ನೊಂದ್ಸಲ ಮಾಡು, ಆ ಕಡೆ ತಿರುಗು, ನಗು, ಇವೆಲ್ಲ ನಡಿಯಲ್ಲ. ಒಂದ್ಸಲ ಅಂದ್ರೆ ಒಂದ್ಸಲ."

ಕತ್ತರಿಸಿದ ಕೂದಲು ಮತ್ತೆ ಅಂಟುವುದಿಲ್ಲವೆಂದು ಅಕ್ಕನಿಗೂ ಗೊತ್ತಿತ್ತು. ಹೂಂ ಎಂದಳು.

ಆದರೆ ವಿಡಿಯೋ ತೆಗೆಯುವುದನ್ನು ಕಲಿಸಿದ ದಿನವೇ ಅವಳು ತರಗತಿಗೆ ಹೋಗಲು ಆಗಲಿಲ್ಲ. ಶಾಲೆಯ ಸಮವಸ್ತ್ರಗಳು ರಾಶಿ ಬಿದ್ದಿದ್ದವು. ಎಲ್ಲಕ್ಕೂ ಕಾಜಾ ಆಗಬೇಕು. ಮೇಡಂಗೆ ಫೋನು ಮಾಡಿ ಕೇಳಿದಳು.

"ಏನಿಲ್ಲ ಅಕ್ಕ. ವಿಡಿಯೋ ಅಂತ ಇರುತ್ತಲ್ಲ, ಅದಕ್ಕೆ ಸರಿಸ್ಕೊಳ್ಳಿ. ಗುಂಡಿ ಒತ್ತಿ. ಅಷ್ಟೇ. ಕೈ ಅಲುಗಾಡದಂಗೆ ನೋಡ್ಕೊಳ್ಳಿ, ಅಂಚು ಬಿಡೋದು ಮರೀಬೇಡಿ."

"ಗುಂಡಿ ಒತ್ತಬೇಕು."

"ಹೂಂ, ಒತ್ತಿದ್ರೆ ಓಡುತ್ತೆ."

ಒತ್ತಿದರೆ ಓಡುತ್ತದೆ! ಅಕ್ಕನಿಗೆ ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬೇಕಿತ್ತು? ಜೀವಮಾನವೆಲ್ಲ ಅವಳು ಮಾಡಿದ್ದು ಅದೇ. ಹೊಲಿಗೆ ಯಂತ್ರದ ಪೆಡಲನ್ನು ಕಾಲಲ್ಲಿ ಒತ್ತಿದರೆ ಓಡುತ್ತದೆ, ಒತ್ತಿಕೊಂಡಿರುವಷ್ಟು ಹೊತ್ತು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ.

ಭಾನುವಾರ ಬೆಳಗ್ಗೆ ಅವಳು ಅಂಗಡಿಗೆ ಎಲ್ಲರಿಗಿಂತ ಮೊದಲು ಹೋದಳು. ಉದ್ದನೆಯ ಕಿರುಕೋಣೆ. ಎದುರುಬದುರು ಎರಡು ಕನ್ನಡಿ, ಒಂದರೊಳಗೊಂದು ಕುರ್ಚಿ, ಕೊನೆಯೇ ಇಲ್ಲದಷ್ಟು ಕುರ್ಚಿಗಳು. ಗಾಜಿನ ಬಾಗಿಲಿನಿಂದ ಬೆಳಕು. ಕಪಾಟಿನ ಮೇಲೆ ನೀರು ಚಿಮುಕಿಸುವ ಬಾಟಲಿ, ಪೌಡರು, ಬ್ರಷ್ಷು, ಬಾಚಣಿಗೆಗಳು ಎತ್ತರದ ಪ್ರಕಾರ. ಅವಳು ಫೋನನ್ನು ವಿಡಿಯೋಗೆ ಸರಿಸಿ, ಎಲ್ಲಿ ನಿಲ್ಲಬೇಕು, ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂದು ಸೀಮೆಸುಣ್ಣದಿಂದ ನೆಲದ ಮೇಲೆ ಗುರುತು ಹಾಕಿಕೊಂಡಳು.

ಕೊನೆಯ ಗಿರಾಕಿ ಕಂಡಕ್ಟರ್. ಬಸ್ಸಿನ ಕೆಲಸ ಬಿಟ್ಟು ವರ್ಷಗಳಾದರೂ ಆ ಹೆಸರು ಬಿಟ್ಟಿರಲಿಲ್ಲ. ತಲೆ ಬಯಲು, ಕಿವಿಯಿಂದ ಕಿವಿಗೆ ಹಿಂದೆ ಒಂದು ಬೇಲಿ ಮಾತ್ರ. ಆದರೂ ತಿಂಗಳು ತಪ್ಪಿಸದೆ ಬರುತ್ತಿದ್ದರು.

"ಅಲ್ಲ ಕಂಡಕ್ಟ್ರೇ, ನಾನು ಕತ್ತರಿಸ್ಬೇಕೋ ಹುಡುಕ್ಬೇಕೋ?" ಎಂದ ಅಣ್ಣ, ಬಿಳಿ ಬಟ್ಟೆ ಕೊಡವಿ ಅವರ ಕುತ್ತಿಗೆಗೆ ಕಟ್ಟುತ್ತ.

"ಹುಡುಕಿ ಕತ್ತರಿಸು. ಅದಕ್ಕೇ ನಿನ್ ಹತ್ರ ಬರೋದು. ಏನಮ್ಮ ಕಾಜಾ, ನನ್ನದೂ ಬರುತ್ತಾ ಅದರಲ್ಲಿ? ಹಂಗಾದ್ರೆ ಮೊದ್ಲು ಒಂದು ಫೋಟೋ ತೆಗಿ. ಕೂದಲಿರೋವಾಗ್ಲೇ!"

ಮೂವರೂ ನಕ್ಕರು. ಅಕ್ಕ ಫೋನನ್ನು ಫೋಟೋಗೆ ಸರಿಸಿ ಕಂಡಕ್ಟರದು ಒಂದು ತೆಗೆದಳು. ತೋರಿಸಿದಳು. "ಪರವಾಗಿಲ್ಲ, ವಯಸ್ಸಿನ ಹುಡುಗನ ಥರ ಇದೀನಿ" ಎಂದರು ಕಂಡಕ್ಟರ್. ಅಣ್ಣ ಕತ್ತರಿ ಎತ್ತಿದ. ಅಕ್ಕ ಓಡಿಹೋಗಿ ಬಾಗಿಲ ಬಳಿಯ ಗುರುತಿನ ಮೇಲೆ ನಿಂತು, ಉಸಿರು ಬಿಗಿಹಿಡಿದು, ಗುಂಡಿ ಒತ್ತಿದಳು. ಬಿಡಲಿಲ್ಲ.

ಫೋನು ಟಕಟಕಟಕಟಕ ಎಂದಿತು.

ಅವಳಿಗೆ ಹಿಡಿಯಲಾರದಷ್ಟು ಖುಷಿ. ಸಾಕ್ಷಾತ್ ತನ್ನ ಯಂತ್ರದ ಸದ್ದೇ! ಓಡುತ್ತಿದೆ! ದೂರದಿಂದ ತೆಗೆದಳು, ಬೆರಳು ಎತ್ತಿದಳು, ಸದ್ದು ನಿಂತಿತು. ಕನ್ನಡಿಯ ಬದಿಗೆ ಸರಿದಳು, ಮತ್ತೆ ಒತ್ತಿದಳು, ಟಕಟಕಟಕ. ಅಣ್ಣ ಕೂದಲು ಕತ್ತರಿಸುವಾಗ ಕತ್ತರಿ ಸುಮ್ಮನಿರುವುದಿಲ್ಲ. ಗಾಳಿಯಲ್ಲಿ ಎರಡು ಸಲ ಚಿಕ್ ಚಿಕ್, ಕೂದಲಿಗೆ ಒಂದು ಸಲ ಚಿಕ್. ಬಗ್ಗಿ, ಬೆರಳುಗಳ ಹತ್ತಿರಕ್ಕೆ ಹೋಗಿ, ಅದನ್ನೂ ಹಿಡಿದಳು. ಹೆಗಲ ಮೇಲೆ ಬೀಳುವ ಬಿಳಿ ಕೂದಲು ಹಿಡಿದಳು. ಕೊನೆಗೆ ಅಣ್ಣ ಕೈಗನ್ನಡಿಯನ್ನು ಕಂಡಕ್ಟರ ತಲೆಯ ಹಿಂದೆ ಹಿಡಿದ. ಕಂಡಕ್ಟರ್ ಅತ್ತಿತ್ತ ನೋಡಿ, ಯಾವತ್ತೂ ಹೇಳುವ ಮಾತನ್ನೇ ಹೇಳಿದರು: "ಹಿಂದೆ ಇನ್ನೊಂದು ಚೂರು ತೆಗಿ." ಅಣ್ಣ ಇನ್ನೊಂದು ಚೂರು ತೆಗೆದ. ಕಂಡಕ್ಟರ್ ತಲೆಯಾಡಿಸಿದರು. ಅಕ್ಕ ಅಂಚಿಗೆ ಒಂದು ಉಸಿರಿನಷ್ಟು ಬಿಟ್ಟು ಬೆರಳು ಎತ್ತಿದಳು.

ಮಧ್ಯಾಹ್ನ ಇಬ್ಬರು ಬಂದು ಕುರ್ಚಿಯನ್ನು ವ್ಯಾನಿಗೆ ಏರಿಸಿಕೊಂಡು ಹೋದರು. ಕನ್ನಡಿಗಳಲ್ಲಿ ಇದ್ದ ಕೊನೆಯಿಲ್ಲದ ಕುರ್ಚಿಗಳೆಲ್ಲ ಒಮ್ಮೆಗೇ ಹೋದವು. ಅಣ್ಣ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದು, ಕಪಾಟಿನ ಮೇಲಿನ ಖಾನೆಗೆ ತಳ್ಳಿದ.

ಮಾರನೆಯ ದಿನ ಅಕ್ಕ ತರಗತಿಗೆ ಹಾರಿಕೊಂಡೇ ಹೋದಳು. ಮೇಡಂ ಫೋನು ತೆಗೆದುಕೊಂಡು ನೋಡಿದರು. ಕೆಳಗೆ ಸರಿಸಿದರು. ಮೇಲೆ ಸರಿಸಿದರು.

"ಅಕ್ಕ, ವಿಡಿಯೋ ಎಲ್ಲಿ?"

"ಅದೇ ಅಲ್ವಾ?"

"ಇವೆಲ್ಲ ಫೋಟೋ. ನೂರಾರಿವೆ. ನೀವು ಗುಂಡಿ ಒತ್ಕೊಂಡೇ ಇದ್ರಾ?"

"ಒತ್ತಿದ್ರೆ ಓಡುತ್ತೆ ಅಂದ್ರಲ್ಲ ನೀವೇ!"

"ಅಯ್ಯೋ! ಒತ್ತಿ ಬಿಡಬೇಕು. ಅದೂ ವಿಡಿಯೋಗೆ ಹಾಕ್ಕೊಂಡು. ಫೋಟೋದಲ್ಲಿ ಇಟ್ಟು ಒತ್ತಿ ಹಿಡಿದ್ರೆ ಒಂದರ ಹಿಂದೆ ಒಂದು ಫೋಟೋ ತೆಗೀತಾನೇ ಹೋಗುತ್ತೆ ಅದು."

ಕಂಡಕ್ಟರ ಫೋಟೋ ತೆಗೆದ ಮೇಲೆ ಮತ್ತೆ ವಿಡಿಯೋಗೆ ಸರಿಸಿಯೇ ಇರಲಿಲ್ಲ ಎಂದು ಅಕ್ಕನಿಗೆ ಆಗ ಹೊಳೆಯಿತು. ಕುರ್ಚಿ ಹೊಳೆ ದಾಟಿತ್ತು. ಅಣ್ಣ ಒಂದ್ಸಲ ಅಂದರೆ ಒಂದ್ಸಲವೇ. ಮಾತೂ ಇಲ್ಲ, ಚಿಕ್ ಚಿಕ್ ಸದ್ದೂ ಇಲ್ಲ. ಇದ್ದ ಒಂದೇ ತುಂಡು ಬಟ್ಟೆಯನ್ನು ತಪ್ಪು ಅಳತೆಗೆ ಕತ್ತರಿಸಿದಂತೆ. ಅವಳ ಕಣ್ಣಲ್ಲಿ ನೀರು ತುಂಬಿತು.

ಮೇಡಂ ಸಮಾಧಾನ ಹೇಳಲು ಬಾಯಿ ತೆರೆದವರು ಹಾಗೇ ನಿಂತರು. ಅವರ ಹೆಬ್ಬೆರಳು ಫೋಟೋಗಳನ್ನು ಸರಸರ ಸರಿಸುತ್ತಿತ್ತು. ಅವರು ಇನ್ನೂ ವೇಗವಾಗಿ ಸರಿಸಿದರು. "ಅಕ್ಕ," ಎಂದರು. "ಅಕ್ಕ! ಇಲ್ಲಿ ನೋಡಿ!"

ಅಕ್ಕ ಕಣ್ಣೊರೆಸಿಕೊಂಡು ನೋಡಿದಳು. ಹೆಬ್ಬೆರಳಿನ ಕೆಳಗೆ ಕತ್ತರಿ ತೆರೆಯಿತು. ಮುಚ್ಚಿತು. ತೆರೆಯಿತು. ಅಣ್ಣನ ಮೊಣಕೈ ಮೇಲೆದ್ದಿತು. ಬಿಳಿ ಕೂದಲಿನ ಎಳೆಯೊಂದು ಕಂಡಕ್ಟರ ಹೆಗಲಿನಿಂದ ಕುಪ್ಪಳಿಸುತ್ತ ಕುಪ್ಪಳಿಸುತ್ತ ನೆಲಕ್ಕೆ ಇಳಿಯಿತು.

"ಓಡ್ತಿದೆ!" ಎಂದಳು ಅಕ್ಕ, ಕೋಣೆಯವರೆಲ್ಲ ತಿರುಗುವಂತೆ.

"ಓಡ್ದೆ ಇನ್ನೇನು? ಎಲ್ಲ ಸಿನಿಮಾನೂ ಇದೇ ಅಕ್ಕ. ನಿಂತಿರೋ ಚಿತ್ರಗಳ ಸಾಲು. ಬೇಗ ಬೇಗ ತೋರಿಸಿದ್ರೆ ಕಣ್ಣು ತಾನೇ ಜೋಡಿಸ್ಕೊಳ್ಳುತ್ತೆ. ನಿಮ್ಮದು ಸ್ವಲ್ಪ ಬಿಡಿಬಿಡಿ, ಕುಪ್ಪಳಿಸ್ತಾ ಬರುತ್ತೆ. ಬರ್ಲಿ! ಇಡೀ ತರಗತೀಲಿ ಇಂಥದ್ದು ಯಾರ ಹತ್ರಾನೂ ಇಲ್ಲ. ನಂಗೂ ಇದು ಹೊಳೆದಿರ್ಲಿಲ್ಲ."

"ಹೊಲಿಗೆ ಥರ," ಎಂದಳು ಅಕ್ಕ. "ಹತ್ತಿರದಿಂದ ನೋಡಿದ್ರೆ ಚುಕ್ಕಿ ಚುಕ್ಕಿ. ದೂರದಿಂದ ಗೆರೆ."

ಅವತ್ತಿನಿಂದ ಇಬ್ಬರೂ ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕೂತರು. ಮೂರನೆಯ ಕಟಿಂಗ್ ಶುರುವಾಯಿತು. ಅಕ್ಕನಿಗೆ ಮೊದಮೊದಲು ಒಂದು ಚಿತ್ರ ಬಿಡಲೂ ಮನಸ್ಸು ಬರುತ್ತಿರಲಿಲ್ಲ. ಒಂದು ಗೇಣು ತುಂಡನ್ನೂ ಜೇಬಿಗೋ ಕಾಲರಿಗೋ ಎಂದು ಎತ್ತಿಡುವ ಕೈ ಅದು.

"ಇದು ಬೇಡ," ಎನ್ನುತ್ತಿದ್ದರು ಮೇಡಂ.

"ಚೆನ್ನಾಗಿದೆಯಲ್ಲ!"

"ಚೆನ್ನಾಗಿದೆ. ಆದ್ರೆ ಇದು ಇಲ್ಲದಿದ್ರೂ ಕಥೆ ಗೊತ್ತಾಗುತ್ತೆ ತಾನೆ? ಹಂಗಾದ್ರೆ ಬೇಡ. ಈಗ ಹೇಳಿ, ನಿಮ್ಮಣ್ಣನಿಗೆ ಏನು ಬೇಕು?"

ಅಣ್ಣನಿಗೆ ಏನು ಬೇಕು? ಅವನು ಬಾಯಿಬಿಟ್ಟು ಏನನ್ನೂ ಕೇಳಿದವನಲ್ಲ. ಚಿತ್ರಗಳನ್ನು ಮತ್ತೆ ಮೊದಲಿನಿಂದ ನೋಡಿದಳು. ದೂರದವು, ಮಧ್ಯದವು, ಹತ್ತಿರದವು. ಮೂರನೆಯ ಬಾರಿ ನೋಡುವಾಗ ಕಂಡಿತು. ಅಣ್ಣ ಕಂಡಕ್ಟರ ತಲೆ ನೋಡುತ್ತಲೇ ಇರಲಿಲ್ಲ. ತಲೆಯನ್ನು ಅವನ ಬೆರಳುಗಳೇ ನೋಡಿಕೊಳ್ಳುತ್ತಿದ್ದವು. ಅವನ ಕಣ್ಣು ಪ್ರತಿ ಚಿತ್ರದಲ್ಲೂ ಕನ್ನಡಿಯಲ್ಲಿದ್ದ ಕಂಡಕ್ಟರ ಮುಖದ ಮೇಲೆ. ಹಿಡಿಸಿತೋ? ಸರಿಹೋಯಿತೋ? ಕೊನೆಗೆ ಕಂಡಕ್ಟರ್ ತಲೆಯಾಡಿಸಿದ ಮರುಕ್ಷಣದ ಚಿತ್ರದಲ್ಲಿ ಅಣ್ಣನ ಹುಬ್ಬು ಸಡಿಲಾಗಿ, ಹೆಗಲು ಕೆಳಗಿಳಿದಿತ್ತು. ಇಷ್ಟು ವರ್ಷ ಆ ಅಂಗಡಿಗೆ ಊಟ ಹೊತ್ತುಕೊಂಡು ಹೋದವಳು ಅವಳು. ಒಂದು ಸಲವೂ ಇದನ್ನು ಕಂಡಿರಲಿಲ್ಲ.

"ಮೇಡಂ, ಸಿಕ್ತು! ಅವನಿಗೆ ಒಂದು ತಲೆಯಾಡಿಸೋದು ಬೇಕು. ಅಷ್ಟೇ!"

"ಹಂಗಾದ್ರೆ ಅದಕ್ಕೆ ಬೇಡದ್ದನ್ನೆಲ್ಲ ಕತ್ತರಿಸಿ."

ಆಮೇಲೆ ಅಕ್ಕನ ಕೈ ತಡೆಯಲಿಲ್ಲ. ಪೌಡರು ಹೋಯಿತು, ಬಾಗಿಲು ಹೋಯಿತು, ಸಾಲು ಬಾಚಣಿಗೆ ಹೋಯಿತು. ಅಣ್ಣನ ಕಣ್ಣು, ಕತ್ತರಿ, ಕನ್ನಡಿಯೊಳಗಿನ ಮುಖ, ಮತ್ತೆ ಕಣ್ಣು ಉಳಿದವು. ಮುಗಿಸಿ ಓಡಿಸಿದಾಗ ಇಬ್ಬರೂ ಕುರ್ಚಿಯ ತುದಿಗೆ ಬಂದಿದ್ದರು, ಕಂಡಕ್ಟರ್ ತಲೆಯಾಡಿಸುತ್ತಾರೋ ಇಲ್ಲವೋ ಎಂಬ ಆತಂಕದಲ್ಲಿ.

"ಸದ್ದು ಒಂದು ಇದ್ದಿದ್ರೆ!" ಎಂದರು ಮೇಡಂ.

ಅಕ್ಕ ಮನೆಗೆ ಬಂದು ಅಣ್ಣನನ್ನು ಕೇಳಿದಳು. ಕತ್ತರಿ ತೆಗೆದು ಗಾಳಿಯಲ್ಲಿ ನಾಲ್ಕು ಸಲ ಆಡಿಸಿದರೆ ಸಾಕು, ತಾನು ಸದ್ದು ಹಿಡಿದುಕೊಳ್ಳುತ್ತೇನೆ ಎಂದಳು. ಅಣ್ಣ ಗೋಡೆಯ ಕಡೆ ಮುಖಮಾಡಿ ಮಲಗಿದ್ದ.

"ಮುಗೀತು ಅಂದ್ರೆ ಮುಗೀತು ಪುಟ್ಟಿ. ಕತ್ತರಿ ಒಳಗಿಟ್ಟಿದೀನಿ. ಮತ್ತೆ ತೆಗೆಯಲ್ಲ."

"ಅಂಗಡಿ ಮುಚ್ಚಿದಾಗಿಂದ ಹಿಂಗೇ ಕಣೇ," ಎಂದಳು ಅತ್ತಿಗೆ, ಅಡುಗೆಮನೆಗೆ ಕರೆದುಕೊಂಡು ಹೋಗಿ ಮೆಲ್ಲಗೆ. "ಮಾತಿಲ್ಲ, ಕಥೆಯಿಲ್ಲ. ಬಯ್ದರೆ ತಿರುಗಿ ಬಯ್ಯಲ್ಲ. ಒಬ್ಬಳೇ ಜಗಳ ಆಡಿ ಆಡಿ ನಂಗೂ ಸಾಕಾಗಿದೆ."

ತೋರಿಸುವ ದಿನ ಹತ್ತಿರ ಬಂದಿತ್ತು. ಬೇರೆ ದಾರಿ ಕಾಣದೆ ಅಕ್ಕ ತನ್ನ ಬಟ್ಟೆ ಕತ್ತರಿಯಿಂದಲೇ ಸದ್ದು ಮಾಡಿ ಜೋಡಿಸಿಕೊಂಡು ಬಂದಳು. "ಒಂದ್ಸಲ ನೋಡು ಸಾಕು" ಎಂದು ಅಣ್ಣನನ್ನು ಎಬ್ಬಿಸಿ ಕೂರಿಸಿ, ಫೋನನ್ನು ಅವನ ಕೈಗೆ ಕೊಟ್ಟಳು.

ಅಣ್ಣ ತನ್ನನ್ನೇ ನೋಡಿದ. ಕಣ್ಣು ಕಿರಿದು ಮಾಡಿ, ಹತ್ತಿರ ಹಿಡಿದು ನೋಡಿದ. ಬಾಯಿ ಏನೋ ಹೇಳಲು ಹೊರಟಿತ್ತು. ಅಷ್ಟರಲ್ಲಿ ಕತ್ತರಿ ಮಾತಾಡಿತು: ಖರ್ರ್. ಖರ್ರ್. ಖರ್ರ್.

"ಏನಿದು?"

"ಕತ್ತರಿ."

"ಇದು ಕತ್ತರಿನಾ? ನಾನೇನು ಅವನ ತಲೇಲಿ ತಗಡು ಕತ್ತರಿಸ್ತಿದೀನಾ?"

"ನನ್ನ ಹತ್ರ ಇದ್ದಿದ್ದು ಇದೇ ಕತ್ತರಿ ಅಣ್ಣ."

"ಊರೋರೆಲ್ಲ ಕೇಳ್ತಾರಾ ಇದನ್ನ?"

"ಎಲ್ರೂ," ಎಂದಳು ಅತ್ತಿಗೆ ಬಾಗಿಲಿನಿಂದ. "ಕಂಡಕ್ಟ್ರೂ ಬರ್ತಾರಂತೆ. ಇಷ್ಟು ದಿನ ಬೇಲಿ ಕತ್ತರಿಸೋ ಕತ್ತರಿಗೆ ತಲೆ ಕೊಡ್ತಿದ್ದೆ ಅಂದ್ಕೊಳ್ತಾರೆ."

ಅಣ್ಣ ಎದ್ದ. ಮೊಣಕಾಲು ಹಿಡಿದುಕೊಂಡು ಸ್ಟೂಲು ಎಳೆದು, ಕಪಾಟಿನ ಮೇಲಿನ ಖಾನೆಗೆ ಕೈ ಹಾಕಿದ. ಬಟ್ಟೆಯ ಗಂಟು ಬಿಚ್ಚಿದ. "ನಡಿ," ಎಂದ. "ಎಲ್ಲಿ ಮಾಡ್ಬೇಕು?"

ಅಕ್ಕನ ಹೊಲಿಗೆ ಕೋಣೆಯಲ್ಲಿ ಬಟ್ಟೆಯ ರಾಶಿ ಸದ್ದನ್ನೆಲ್ಲ ಹೀರುತ್ತದೆ. ಬೀದಿಯ ಗಲಾಟೆ ಒಳಗೆ ಬರುವುದಿಲ್ಲ. ಕಿಟಕಿಗೆ ರಜಾಯಿ ಕಟ್ಟಿದರು. ಯಂತ್ರದ ಮೇಲೆ ಒಂದು ಫೋನಿನಲ್ಲಿ ಚಿತ್ರ, ಅತ್ತಿಗೆಯ ಫೋನಿನಲ್ಲಿ ಸದ್ದು ಹಿಡಿಯುವುದು. ಈ ಸಲ ಅಕ್ಕ ಗುಂಡಿ ಒತ್ತಿ, ಬಿಟ್ಟಳು. ಬಿಟ್ಟು, ಕೆಂಪು ಚುಕ್ಕೆ ಕಂಡಿತೇ ಎಂದು ಎರಡು ಸಲ ನೋಡಿದಳು.

ಅಣ್ಣ ಅಲ್ಲಿಲ್ಲದ ಕುರ್ಚಿಯ ಹಿಂದೆ ನಿಂತಂತೆ ನಿಂತ. ಚಿತ್ರದಲ್ಲಿನ ಕೈ ಎದ್ದಿತು. ಇವನ ಕೈಯೂ ಎದ್ದಿತು. ಗಾಳಿಗೆ ಎರಡು, ಕೂದಲಿಗೆ ಒಂದು. ಚಿಕ್ ಚಿಕ್, ಚಿಕ್. ಚಿಕ್ ಚಿಕ್, ಚಿಕ್. ಮೊದಲ ಪ್ರಯತ್ನದಲ್ಲೇ ಕೂತಿತು. ಒಂದು ಎಳೆ ಆಚೀಚೆ ಇಲ್ಲ. ಅಕ್ಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು, ಕಿರುಚಿಬಿಟ್ಟೇನೆಂದು. ಮುಗಿದ ಮೇಲೆ ಅಂಚಿಗೆ ಒಂದು ಉಸಿರಿನಷ್ಟು ಕಾದು ನಿಲ್ಲಿಸಿದಳು.

"ಸಾಕು ಅಣ್ಣ. ಬಂತು."

"ಏನು ಸಾಕು? ಇನ್ನೊಂದ್ಸಲ ಮಾಡೋಣ. ಕೊನೇಲಿ ಸ್ವಲ್ಪ ಅವಸರ ಆಯ್ತು," ಎಂದ ಒಂದ್ಸಲ ಅಂದರೆ ಒಂದ್ಸಲ ಎಂದಿದ್ದ ಅಣ್ಣ. ಅತ್ತಿಗೆ ನಾದಿನಿಯನ್ನು ನೋಡಿ ಕಣ್ಣು ಹೊಡೆದಳು. ಆ ಮಧ್ಯಾಹ್ನವೆಲ್ಲ ಚಿಕ್ ಚಿಕ್ ನಡೆಯಿತು. ನೀರು ಚಿಮುಕಿಸುವ ಸದ್ದೂ ಆಯಿತು, ಬಟ್ಟೆ ಕೊಡವುವ ಸದ್ದೂ ಆಯಿತು. ಬಟ್ಟೆ ಸರಿಯಾಗಿ ಕೊಡವಲಿಲ್ಲ ಎಂದು ಅಣ್ಣ ಅತ್ತಿಗೆಗೆ ಬಯ್ದ. ಅತ್ತಿಗೆಗೆ ಎಷ್ಟು ಹಿತವಾಯಿತೆಂದರೆ, ಅವನು ಮತ್ತೆ ಬಯ್ಯಲೆಂದೇ ಇನ್ನೊಮ್ಮೆ ತಪ್ಪಾಗಿ ಕೊಡವಿದಳು.

ಶನಿವಾರ ಸಂಜೆ ಗ್ರಂಥಾಲಯದ ಮಹಡಿಯ ಕೋಣೆ ತುಂಬಿತು. ಕಿಟಕಿಗಳಿಗೆ ಅಕ್ಕ ಹೊಲಿದ ಕಪ್ಪು ಪರದೆ, ಈಗ ಪೂರ್ತಿ. ಒಬ್ಬರು ತಮ್ಮ ನಾಯಿಯ ಚಿತ್ರ ಮಾಡಿದ್ದರು, ಇನ್ನೊಬ್ಬರು ಬಸ್ ನಿಲ್ದಾಣದ್ದು. ಅಕ್ಕನ ಸರದಿ ಬಂತು. ದೀಪ ಆರಿತು. ಮೊದಲು ಕತ್ತಲೆಯಲ್ಲಿ ಬರೀ ಸದ್ದು: ಚಿಕ್ ಚಿಕ್, ಚಿಕ್. ಹಿಂದಿನ ಸಾಲಿನಲ್ಲಿ ಯಾರೋ, "ನಮ್ಮ ಅಂಗಡಿ!" ಎಂದರು. ಆಮೇಲೆ ಗೋಡೆಯ ತುಂಬ ಅಣ್ಣ, ಚುಕ್ಕಿ ಚುಕ್ಕಿಯಾಗಿ, ಕುಪ್ಪಳಿಸುತ್ತ, ಕನ್ನಡಿಯಲ್ಲಿ ಕಣ್ಣಿಟ್ಟು. ಆ ಕುರ್ಚಿಯಲ್ಲಿ ಕೂತು ಎದ್ದವರೇ ಅಲ್ಲಿ ಅರ್ಧ ಜನ. ಆ ಕಣ್ಣು ತಮ್ಮ ಮುಖವನ್ನೂ ಹೀಗೇ ಕಾಯುತ್ತಿತ್ತೆಂದು ಅವರಿಗೆ ಈಗ ಗೊತ್ತಾಗುತ್ತಿತ್ತು. ಗೋಡೆಯ ಮೇಲೆ ಕೈಗನ್ನಡಿ ಏರಿತು. ಕಂಡಕ್ಟರ್ ಅತ್ತ ನೋಡಿದರು, ಇತ್ತ ನೋಡಿದರು, ತಲೆಯಾಡಿಸಿದರು. ಕೋಣೆಯಲ್ಲಿ ಎಷ್ಟೋ ತಲೆಗಳು ತಮಗರಿವಿಲ್ಲದೆ ಆಡಿದವು.

ಚಪ್ಪಾಳೆ ಬಿತ್ತು. ಕಂಡಕ್ಟರ್ ಎದ್ದು ನಿಂತು ಸುತ್ತಲೂ ಕೈಮುಗಿದರು, ಚಿತ್ರ ತಾವೇ ತೆಗೆದವರಂತೆ. ಮೇಡಂ ಎರಡು ಕೈಯನ್ನೂ ಗಾಳಿಯಲ್ಲಿ ಬೀಸುತ್ತಿದ್ದರು. ಆದರೆ ಅಕ್ಕ ಅದ್ಯಾವುದನ್ನೂ ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ಪಕ್ಕದಲ್ಲಿದ್ದ ಅಣ್ಣನ ಮುಖವನ್ನು. ಹಿಡಿಸಿತೋ? ಸರಿಹೋಯಿತೋ? ಅವಳ ಹುಬ್ಬು ಬಿಗಿದಿತ್ತು, ಹೆಗಲು ಕಿವಿಗೆ ಹತ್ತಿತ್ತು.

ಅಣ್ಣ ಖಾಲಿ ಗೋಡೆಯನ್ನೇ ನೋಡುತ್ತಿದ್ದ. ಆಮೇಲೆ ಅತ್ತ ತಿರುಗಿದ, ಇತ್ತ ತಿರುಗಿದ, ಗಂಟಲು ಸರಿಮಾಡಿಕೊಂಡು ತಂಗಿಯ ಕಿವಿಯ ಹತ್ತಿರ ಬಗ್ಗಿದ.

"ಪುಟ್ಟಿ," ಎಂದ. "ಹಿಂದೆ ಇನ್ನೊಂದು ಚೂರು ತೆಗೀಬಹುದಿತ್ತು."

ಹಾಗೆಂದು, ತಲೆಯಾಡಿಸಿದ.